ವ್ಯಾಲ್ಯುಯರ್ ಬರೋ ಮುಂಚೆ ಮನೆ ಅಳತೆ ಹೇಗೆ ತಗೊಳ್ಳೋದು?

ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆ, 30×40 ಸೈಟು, ಮೇಲೊಂದು ಮಹಡಿ ಇದೆ. ಲೋನಿಗೆ ಹಾಕಿದ್ದೀವಿ, ಮುಂದಿನ ವಾರ ಬ್ಯಾಂಕ್ ಕಡೆಯಿಂದ ಮನೆಗೆ ಬೆಲೆ ಕಟ್ಟೋ ವ್ಯಾಲ್ಯುಯರ್ ಬರ್ತಾರೆ. ಕಂದಾಯದ ರಸೀದಿಯಲ್ಲಿ ಒಂದು ಚದರಡಿ, ಪ್ಲಾನಿನಲ್ಲಿ ಇನ್ನೊಂದು. ನಾವೇ ಸರಿಯಾಗಿ ಅಳೆದಿಟ್ಟುಕೊಳ್ಳಬೇಕು ಅಂತಿದ್ದೀನಿ. ಗೊತ್ತಿದ್ದವರು ದಯವಿಟ್ಟು ಹೇಳಿ.

— ಮೇಡಂ, ನಾನು ಕಟ್ಟಡದ ಕೆಲಸದಲ್ಲೇ ಇರೋನು. ಸ್ವಂತ ಮನೆಗೆ ಸಾಮಾನ್ಯವಾಗಿ ಬಿಲ್ಟ್‌ಅಪ್ ನೋಡ್ತಾರೆ, ಅಂದ್ರೆ ಗೋಡೆ ದಪ್ಪವೂ ಸೇರಿದ ಅಳತೆ. ರೂಮು ರೂಮು ಅಳೆದು ಕೂಡಿಸಿದರೆ ಗೋಡೆಗಳೆಲ್ಲ ಬಿಟ್ಟುಹೋಗುತ್ತವೆ. ಹೊರಗಿನಿಂದ, ಮೂಲೆಯಿಂದ ಮೂಲೆಗೆ ಟೇಪು ಹಿಡೀರಿ. 30×40ರಲ್ಲಿ ಪಕ್ಕದ ಮನೆ ಒತ್ತಿಕೊಂಡಿದ್ದು ಕೈ ಹೋಗಲ್ಲ ಅಂದ್ರೆ ಒಳಗಿಂದಲೇ ಅಳೆದು ಗೋಡೆ ಸೇರಿಸಿ. ಉದಾಹರಣೆಗೆ ಹಾಲ್ 13 ಅಡಿ 6 ಇಂಚು, ಪಕ್ಕದ ರೂಮು 10 ಅಡಿ 4½ ಇಂಚು. ಪ್ಲಾಸ್ಟರ್ ಸೇರಿ ಹೊರಗೋಡೆ ಎರಡಕ್ಕೆ 20 ಇಂಚು, ನಡುವಿನ ಗೋಡೆಗೆ 5½ ಇಂಚು. ಒಟ್ಟು 26 ಅಡಿ. ಗೋಡೆ ದಪ್ಪ ಬಾಗಿಲು, ಕಿಟಕಿ ಹತ್ತಿರ ಅಳೆದು ನೋಡಿ, ಅಂದಾಜು ಹಾಕಬೇಡಿ. ಮನೆಯ ಮುಂದಿನ ಅಗಲ, ಹಿಂದಿನ ಅಗಲ ಎರಡೂ ತಗೊಳ್ಳಿ, ಹಳೇ ಮನೆಗಳಲ್ಲಿ ಅವು ಒಂದೇ ಇರೋದು ಅಪರೂಪ. ರೂಮು ಸೊಟ್ಟಗಿದ್ದರೆ ಕರ್ಣವನ್ನೂ ಅಳೆದು ಎರಡು ತ್ರಿಕೋನ ಮಾಡಿ ಲೆಕ್ಕ ಹಾಕಿ. ಒಳಗೆ ಅಳೆಯುವಾಗ ಟೇಪು ಗೋಡೆಯ ಬುಡದಲ್ಲಿರೋ ಸ್ಕರ್ಟಿಂಗ್ ಟೈಲ್ಸ್‌ಗಿಂತ ಮೇಲೆ ಇರಲಿ.

— ಅಕ್ಕಾ, ಇಂಚಿನ ಲೆಕ್ಕದಲ್ಲಿ ಹುಷಾರಾಗಿರಿ. 12 ಅಡಿ 10 ಇಂಚನ್ನು ಕ್ಯಾಲ್ಕುಲೇಟರ್‌ನಲ್ಲಿ 12.10 ಅಂತ ಒತ್ತಿಬಿಡ್ತಾರೆ. ಇಂಚನ್ನು 12ರಿಂದ ಭಾಗಿಸಬೇಕು, ಅದು 12.83. ರೂಮಿನ ಇನ್ನೊಂದು ಬದಿ 10 ಅಡಿ ಇದ್ದರೆ ಆ ಒಂದು ರೂಮಿನಲ್ಲೇ ಏಳು ಚದರಡಿ ಹೋಯ್ತು! ಇಡೀ ಮನೆಗೆ ಎಷ್ಟಾಗಬಹುದು ನೋಡಿ.

— ಫ್ಲಾಟ್ ಇರೋರಿಗೂ ಒಂದು ಮಾತು. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದ್ರೆ ಫ್ಲಾಟಿನೊಳಗೆ ಬಳಸೋ ಜಾಗದಲ್ಲಿ, ಒಳಗಿನ ಪಾರ್ಟಿಷನ್ ಗೋಡೆ ಸೇರುತ್ತೆ. ಹೊರಗೋಡೆ, ಬಾಲ್ಕನಿ, ಪೈಪು ಹೋಗೋ ಡಕ್ಟ್ ಸೇರಲ್ಲ. ಕ್ರಯಪತ್ರದಲ್ಲಿ ಸೂಪರ್ ಬಿಲ್ಟ್‌ಅಪ್ ಅಂತಿದ್ದರೆ ಅದರಲ್ಲಿ ಲಿಫ್ಟು, ಮೆಟ್ಟಿಲಿನಂಥ ಜಾಗದ ಪಾಲೂ ಇರುತ್ತೆ, ಅದನ್ನ ನೀವು ಅಳೆದ ಲೆಕ್ಕದ ಜೊತೆ ಹೋಲಿಸಬೇಡಿ.

— ಮೇಲಿನ ಮಹಡಿಯನ್ನ ಪ್ರತ್ಯೇಕವಾಗಿ ಅಳೀರಿ, ಕೆಳಗಿನಷ್ಟೇ ಇರುತ್ತೆ ಅಂತ ಎರಡರಿಂದ ಗುಣಿಸಬೇಡಿ. ಬಾಲ್ಕನಿ, ಪೋರ್ಟಿಕೊ, ಶೀಟು ಹಾಕಿದ ಜಾಗ ಬೇರೆ ಬೇರೆ ಬರೆದಿಡಿ, ಆರ್‌ಸಿಸಿ (ಕಾಂಕ್ರೀಟ್) ಚಾವಣಿಗೆ ಕೊಡೋ ದರ ಶೀಟಿಗೆ ಕೊಡಲ್ಲ. ಪ್ಲಾನಿನಲ್ಲಿ ಇಲ್ಲದ ರೂಮು ಆಮೇಲೆ ಕಟ್ಟಿಸಿದ್ದರೆ ಅದನ್ನ ಬ್ಯಾಂಕು ಲೆಕ್ಕಕ್ಕೆ ತಗೊಳ್ಳುತ್ತಾ ಅಂತ ಮೊದಲೇ ಕೇಳಿ. ಒಂದು ಹಾಳೆ ಮೇಲೆ ಮನೆ ನಕ್ಷೆ ಬರೆದು ಪ್ರತಿ ಗೋಡೆ ಪಕ್ಕ ಅದರ ಅಳತೆ ಹಾಕಿ. ವ್ಯಾಲ್ಯುಯರ್ ಅಳೆಯುವಾಗ ಜೊತೆಗೇ ಇದ್ದು, ವ್ಯತ್ಯಾಸ ಬಂದ ಗೋಡೆಯನ್ನ ಅವರ ಎದುರೇ ಮತ್ತೊಮ್ಮೆ ಅಳೆಸಿ. ರಿಪೋರ್ಟ್ ಬ್ಯಾಂಕಿಗೆ ಹೋದ ಮೇಲೆ ತಿದ್ದಿಸೋದು ತುಂಬಾ ಓಡಾಟದ ಕೆಲಸ.