ಮಗ ಕುಡಿತ ಬಿಟ್ಟು ಯುಗಾದಿಗೆ ವರ್ಷ: ಹೆಮ್ಮೆಯನ್ನ ಹೇಗೆ ತೋರಿಸೋದು?

ಚನ್ನರಾಯಪಟ್ಟಣದ_ಅಪ್ಪ:

ಮಗನಿಗೆ 34. ಬರೋ ಯುಗಾದಿಗೆ ಕುಡಿತ ಬಿಟ್ಟು ಒಂದು ವರ್ಷ ತುಂಬುತ್ತೆ. ದಿನಾ ಬೆಳಿಗ್ಗೆ ಡೈಸಲ್ಫಿರಾಂ (ಕುಡಿದರೆ ಮೈಗೆ ಒಗ್ಗದ ಹಾಗೆ ಮಾಡೋ ಔಷಧಿ) 250 ಮಿ.ಗ್ರಾಂ. ಒಂದು ಮಾತ್ರೆ, ವಾರಕ್ಕೆರಡು ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಗುಂಪು) ಮೀಟಿಂಗ್, ಮೂರು ತಿಂಗಳಿಗೊಮ್ಮೆ ಮನೋವೈದ್ಯರ ಹತ್ತಿರ ಫಾಲೋ ಅಪ್. ಯಾವುದನ್ನೂ ತಪ್ಪಿಸಿಲ್ಲ. ಎದೆ ತುಂಬ ಹೆಮ್ಮೆ ಇದೆ, ಅದು ಅವನಿಗೆ ಗೊತ್ತಾಗಬೇಕು.

ನನ್ನ ಯೋಚನೆ: ಹಬ್ಬದ ವಾರ ಸತ್ಯನಾರಾಯಣ ಪೂಜೆ ಇಟ್ಟು ನೆಂಟರನ್ನೆಲ್ಲ ಕರೆದು ಅಲ್ಲೇ ವಿಷಯ ಹೇಳೋದು, ದೇವರ ಮುಂದೆ ಇನ್ನು ಮುಟ್ಟಲ್ಲ ಅಂತ ಒಂದು ಮಾತು ಹೇಳಿಸೋದು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಬರೆಯೋಣ ಅಂತಿದ್ದೀನಿ. ಇಷ್ಟು ದಿನ ನನ್ನ ಹತ್ತಿರ ಇದ್ದ ಅವನ ಎಟಿಎಂ ಕಾರ್ಡ್ ಅವತ್ತು ವಾಪಸ್ ಕೊಟ್ಟು, ಒಂದು ಬೈಕ್ ಕೊಡಿಸೋ ಆಸೆ. ಮನೆಯವಳು ಮಾತ್ರ ‘ಬಾಯಿಬಿಟ್ಟು ಹೇಳಿದ್ರೆ ದೃಷ್ಟಿ ತಾಗುತ್ತೆ, ಸುಮ್ಮನಿರಿ’ ಅಂತಾಳೆ. ಯಾವುದು ಸರಿ? ವರ್ಷ ಆದ ಮೇಲೆ ಮಾತ್ರೆ ನಿಲ್ಲಿಸಬಹುದಾ, ಅದನ್ನೂ ತಿಳಿಸಿ.

---

ಸಮಾಲೋಚಕಿ_ಹಾಸನ:

ಸರ್, ಮೊದಲು ನಿಮ್ಮ ಮಗನನ್ನೇ ಕೇಳಿ. ‘ಯುಗಾದಿಗೆ ವರ್ಷ ಆಗುತ್ತೆ, ನಮಗೆ ತುಂಬಾ ಸಂತೋಷ. ಆ ದಿನ ಹೇಗಿರಬೇಕು ಅಂತ ನಿನ್ನ ಮನಸ್ಸಲ್ಲಿದೆ? ಯಾರಿಗೆ ಹೇಳಬಹುದು, ಯಾರಿಗೆ ಬೇಡ?’ ಇಷ್ಟೇ. ಕುಡಿತ ಬಿಟ್ಟ ಸುದ್ದಿ ಅವರ ಸುದ್ದಿ. ಆಫೀಸಿನವರು, ಹೆಣ್ಣು ಕೊಡುವವರು, ದೂರದ ಚಿಕ್ಕಪ್ಪಂದಿರು ಯಾರ ಕಿವಿಗೆ ಬೀಳಬೇಕು ಅನ್ನೋದು ಅವರ ತೀರ್ಮಾನವೇ ಆಗಬೇಕು. ವಾಟ್ಸಾಪಿಗೆ ಒಮ್ಮೆ ಹೋದದ್ದನ್ನ ವಾಪಸ್ ತರೋಕಾಗಲ್ಲ. ಅವರೇ ಬರೆದು, ಕೆಳಗೆ ನೀವು ಎರಡು ಸಾಲು ಸೇರಿಸಿದರೆ ಆ ಮಾತು ಬೇರೆ.

ಪೂಜೆ ಇಡಿ, ತೊಂದರೆಯಿಲ್ಲ. ಆದರೆ ದೇವರ ಮುಂದೆ ಮಾತು ಹೇಳಿಸೋದು, ಆಣೆ ಹಾಕಿಸೋದು ದಯವಿಟ್ಟು ಬೇಡ. ಆಣೆ ಮಾಡಿದ ಮೇಲೆ ಎಂದಾದರೂ ಒಂದು ಪೆಗ್ ಒಳಗೆ ಹೋಯಿತು ಅಂದುಕೊಳ್ಳಿ. ‘ದೇವರ ಆಣೆಯೇ ಮುರಿದೆ, ಇನ್ನೇನು ಉಳಿದಿದೆ’ ಅನ್ನೋ ನಾಚಿಕೆ, ಭಯ ಶುರುವಾಗುತ್ತೆ. ಮನೆಯವರಿಂದ ಮುಚ್ಚಿಡ್ತಾರೆ, ಡಾಕ್ಟರ ಹತ್ತಿರ ಹೋಗಲ್ಲ, ಒಂದು ಪೆಗ್ ಹದಿನೈದು ದಿನದ ಕುಡಿತವಾಗುತ್ತೆ. ಜಾರಿದ್ದಕ್ಕಿಂತ ಮುಚ್ಚಿಟ್ಟಿದ್ದೇ ಹೆಚ್ಚು ಹಾಳು ಮಾಡೋದು. ಎಎ ಗುಂಪಿನಲ್ಲೂ ಜನ್ಮಕ್ಕೆ ಆಗುವಷ್ಟು ಮಾತು ಕೊಡೋದಿಲ್ಲ, ‘ಇವತ್ತೊಂದು ದಿನ’ ಅಂತಲೇ ಹೇಳಿಕೊಳ್ಳೋದು.

ಇನ್ನು ಹೊಗಳಿಕೆ. ‘ನಮ್ಮ ಮರ್ಯಾದೆ ಉಳಿಸಿದೆ’, ‘ಈಗ ಒಳ್ಳೆ ಮಗ ಆದೆ’ ಅನ್ನೋದು ಪ್ರೀತಿಯಿಂದಲೇ ಬರುತ್ತೆ, ಆದರೂ ಕೇಳುವವರಿಗೆ ಹೊರೆ. ಮನೆಯ ಮರ್ಯಾದೆಯೆಲ್ಲ ತನ್ನ ಒಂದು ಲೋಟದ ಮೇಲೆ ನಿಂತಿದೆ ಅನ್ನಿಸುತ್ತೆ. ಅದರ ಬದಲು ಕಣ್ಣಾರೆ ಕಂಡ ಕೆಲಸವನ್ನ ಹೆಸರಿಸಿ ಹೇಳಿ: ‘ಮಳೆ ಸುರೀತಿದ್ರೂ ಮೀಟಿಂಗಿಗೆ ಹೋದೆ, ನೋಡಿದೆ’, ‘ನಿದ್ದೆ ಬರದೆ ಹೊರಳಾಡಿದ ತಿಂಗಳುಗಳಲ್ಲೂ ಎದ್ದು ಕೆಲಸಕ್ಕೆ ಹೊರಟೆ, ಅದು ಸಣ್ಣ ಮಾತಲ್ಲ’. ಕುಡಿತ ಬಿಟ್ಟ ಮೊದಲ ತಿಂಗಳುಗಳಲ್ಲಿ ನಿದ್ದೆ ಕೆಡೋದು, ಸಿಡುಕು, ಸಿಹಿ ತಿನ್ನೋ ಆಸೆ ಎಲ್ಲಾ ಸಹಜ. ಅದನ್ನ ದಾಟಿದ್ದನ್ನ ನೀವು ಗಮನಿಸಿದ್ದೀರಿ ಅಂತ ಗೊತ್ತಾದರೆ, ಮಾಡಿದ ಕೆಲಸಕ್ಕೆ ಬೆಲೆ ಸಿಕ್ಕಿತು ಅನ್ನಿಸುತ್ತೆ.

ಅಮ್ಮನ ಮಾತಲ್ಲೂ ಹುರುಳಿದೆ, ಊರಿಗೆಲ್ಲ ಸಾರೋದು ಬೇಡ. ಆದರೆ ಮನೆಯಲ್ಲೂ ಬಾಯಿ ಮುಚ್ಚಿಕೊಂಡಿದ್ದರೆ ‘ಇನ್ನೂ ನನ್ನನ್ನ ನಂಬಿಲ್ಲ’ ಅಂತ ಮಗ ತಿಳಿದುಕೊಳ್ಳಬಹುದು. ದೃಷ್ಟಿಯ ಅಂಜಿಕೆ ಇದ್ದರೆ ಅಮ್ಮ ಹಬ್ಬದ ದಿನ ನೀವಳಿಸಲಿ, ಅದೂ ಪ್ರೀತಿಯೇ. ನಾಲ್ಕು ಗೋಡೆಯೊಳಗೆ ಮಾತಾಡಿ ಅಷ್ಟೇ.

---

ಔಷಧಿ_ಅಂಗಡಿ:

ಮಾತ್ರೆ ಬಗ್ಗೆ. ವರ್ಷ ತುಂಬಿದ ದಿನವೇ ಡೈಸಲ್ಫಿರಾಂ ನಿಲ್ಲಿಸಬೇಡಿ. ನಿಲ್ಲಿಸೋದು, ಬದಲಿಸೋದು ಡಾಕ್ಟರೇ ಹೇಳಬೇಕು, ಅದೂ ಹಬ್ಬ, ಮದುವೆ ಇಲ್ಲದ ತಣ್ಣನೆ ಕಾಲದಲ್ಲಿ. ಎಷ್ಟೋ ಮನೆಗಳಲ್ಲಿ ‘ಗುಣ ಆಯ್ತಲ್ಲ’ ಅಂತ ವರ್ಷಕ್ಕೆ ನಿಲ್ಲಿಸ್ತಾರೆ, ಮುಂದಿನ ತಿಂಗಳೇ ಬೀಗರೂಟ ಬರುತ್ತೆ. ಕೊನೆಯ ಮಾತ್ರೆ ತಗೊಂಡ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಮೈಯಲ್ಲಿರುತ್ತೆ, ಆ ಅವಧಿಯಲ್ಲಿ ಕುಡಿದರೂ ಅಪಾಯ: ಮುಖ ಕೆಂಪೇರುತ್ತೆ, ತಲೆ ಸಿಡಿಯುತ್ತೆ, ವಾಂತಿ, ಎದೆಬಡಿತ, ಬಿಪಿ ಇಳಿಯೋದು. ಎದೆನೋವು ಅಥವಾ ಉಸಿರುಕಟ್ಟಿದರೆ ಕಾಯದೆ 108.

ಮಾತ್ರೆ ತಗೊಳ್ಳುವಾಗ ಲಿವರ್ ಪರೀಕ್ಷೆ ಆಗಾಗ ಬೇಕು. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ, ಊಟ ಸೇರದಿರೋದು ಕಂಡರೆ ಮುಂದಿನ ಫಾಲೋ ಅಪ್‌ವರೆಗೆ ಕಾಯಬೇಡಿ. ಭೇದಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೆಟ್ರೊನಿಡಝೋಲ್ ಇದರ ಜೊತೆ ಕೂಡದು, ಮತಿಭ್ರಮೆ ಆಗಬಹುದು. ಯಾವ ಡಾಕ್ಟರ ಹತ್ತಿರ ಹೋದರೂ ‘ಡೈಸಲ್ಫಿರಾಂ ತಗೊಳ್ತಿದ್ದೀನಿ’ ಅಂತ ಹೇಳಲಿ, ಒಂದು ಚೀಟಿ ಪರ್ಸಿನಲ್ಲಿರಲಿ.

ನಮ್ಮ ಕಡೆ ಎಲ್ಲರೂ ಮರೆಯೋದು ಅರಿಷ್ಟ, ಆಸವಗಳನ್ನ. ದಶಮೂಲಾರಿಷ್ಟ, ದ್ರಾಕ್ಷಾರಿಷ್ಟ, ಅಶೋಕಾರಿಷ್ಟ ಇವೆಲ್ಲ ಹುದುಗಿಸಿ ಮಾಡಿದವು, ಶೇ. 5ರಿಂದ 10ರಷ್ಟು ಆಲ್ಕೋಹಾಲ್ ತಾನಾಗೇ ಹುಟ್ಟಿರುತ್ತೆ, ಲೇಬಲ್ ಮೇಲೂ ಬರೆದಿರ್ತಾರೆ. 30 ಮಿ.ಲೀ. ಕುಡಿದರೆ 1.5ರಿಂದ 3 ಮಿ.ಲೀ. ಆಲ್ಕೋಹಾಲ್ ಒಳಗೆ ಹೋಯ್ತು. ಡೈಸಲ್ಫಿರಾಂ ಇದ್ದಾಗ ಅಷ್ಟೇ ಸಾಕು. ಇಲ್ಲದಿದ್ದಾಗಲೂ ಆ ಘಾಟು, ಗಂಟಲಲ್ಲಿ ಇಳಿಯೋ ಬಿಸಿ ಹಳೇ ಆಸೆಯನ್ನ ಕೆರಳಿಸುತ್ತೆ. ಕೆಲವು ಕೆಮ್ಮಿನ ಸಿರಪ್, ಹೋಮಿಯೋಪತಿ ಟಿಂಕ್ಚರ್, ಬಾಯಿ ಮುಕ್ಕಳಿಸೋ ದ್ರಾವಣ, ರಮ್ ಹಾಕಿದ ಪ್ಲಮ್ ಕೇಕ್ ಕೂಡ ಅದೇ ಸಾಲು. ಸ್ಯಾನಿಟೈಸರ್ ಬದಲು ಸೋಪು. ಇಡ್ಲಿ, ದೋಸೆ, ಮೊಸರಿಗೆ ಹೆದರಬೇಕಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ: ಗೊತ್ತಿಲ್ಲದ ಹಾಗೆ ಸಾರಿನಲ್ಲಿ, ಕಾಫಿಯಲ್ಲಿ ಈ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಪ್ರಾಣಕ್ಕೇ ಕುತ್ತು. ನೀವು ಹಾಗೆ ಮಾಡ್ತೀರಿ ಅಂತಲ್ಲ, ಓದುವ ಬೇರೆಯವರಿಗಾಗಿ ಹೇಳಿದ್ದು.

---

ಸಮಾಲೋಚಕಿ_ಹಾಸನ:

ಮೇಲಿನದಕ್ಕೆ ಸೇರಿಸ್ತೀನಿ. ಮಾತ್ರೆ ನಿಮ್ಮ ಮುಂದೆ ತಗೊಳ್ಳೋ ಪದ್ಧತಿ ಇದ್ದರೆ ಅದನ್ನೇ ಹೆಮ್ಮೆ ತೋರಿಸುವ ಜಾಗ ಮಾಡಿಕೊಳ್ಳಿ. ಕುಟುಂಬದ ಜೊತೆ ಮಾಡುವ ಚಿಕಿತ್ಸೆಯಲ್ಲಿ ಒಂದು ದಿನಚರಿ ಇದೆ. ತಿಂಡಿ ಹೊತ್ತಿಗೆ ಅವರು ‘ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ, ಜೊತೆಗಿರೋದಕ್ಕೆ ಥ್ಯಾಂಕ್ಸ್ ಅಪ್ಪ’ ಅಂತಾರೆ, ನೀರಿನಲ್ಲಿ ಮಾತ್ರೆ ನುಂಗ್ತಾರೆ. ನೀವು ‘ನಿನ್ನೆ ಕುಡಿಯದೆ ಇದ್ದದ್ದಕ್ಕೆ ಥ್ಯಾಂಕ್ಸ್ ಕಣೋ’ ಅಂದು ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀರಿ. ಒಂದು ನಿಮಿಷವೂ ಹಿಡಿಯಲ್ಲ. ಆಮೇಲೆ ಆ ದಿನ ಕುಡಿತದ ಮಾತೇ ಎತ್ತೋ ಹಾಗಿಲ್ಲ: ಹಳೇದನ್ನ ಕೆದಕೋದಿಲ್ಲ, ಬಾಯಿ ಮೂಸೋದಿಲ್ಲ, ಬ್ಯಾಗು ತಡಕೋದಿಲ್ಲ. ಈ ಕಡೆ ಹೊಗಳಿಕೆ, ಆ ಕಡೆ ಬಾಯಿ ಮೂಸೋದು, ಎರಡೂ ಇದ್ದರೆ ಹೊಗಳಿಕೆ ನಾಟೋದಿಲ್ಲ.

---

ಮೀಟಿಂಗ್_ಮಿತ್ರ:

ಎಎ ಗುಂಪಿನಲ್ಲಿ ವರ್ಷ ತುಂಬಿದ್ದನ್ನ ‘ಬರ್ತ್‌ಡೇ’ ಅಂತಲೇ ಕರೆಯೋ ರೂಢಿ ಇದೆ. ಓಪನ್ ಮೀಟಿಂಗ್ ಆದರೆ ಮನೆಯವರೂ ಬರಬಹುದು, ಕ್ಲೋಸ್ಡ್ ಮೀಟಿಂಗಿಗೆ ಬರೋ ಹಾಗಿಲ್ಲ. ಯಾವ ದಿನ ಓಪನ್ ಅಂತ ಮಗನೇ ಗುಂಪಿನ ಸೆಕ್ರೆಟರಿಯನ್ನ ಕೇಳಲಿ. ಹಲವು ಗುಂಪುಗಳಲ್ಲಿ ಒಂದು ವರ್ಷದ ಪದಕ ಕೊಡ್ತಾರೆ, ಕೇಕ್ ಕತ್ತರಿಸ್ತಾರೆ. ಬೇಕರಿಯಲ್ಲಿ ರಮ್, ವೈನ್ ಇಲ್ಲದ್ದೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಅಪ್ಪ, ಅಮ್ಮನಿಗೆ ಮಾತಾಡಲು ಕರೆದರೆ ಎರಡು ಮೂರು ನಿಮಿಷ ಸಾಕು. ಕುಡಿಯುತ್ತಿದ್ದಾಗ ಆದ ಗಲಾಟೆ, ಸಾಲ, ಪೊಲೀಸ್ ಸ್ಟೇಷನ್ ಎಲ್ಲ ಅಲ್ಲಿ ತೆರೆದಿಡೋದು ಬೇಡ. ಅವೆಲ್ಲ ಬೇಕಾದಾಗ ಅವನೇ ಹೇಳಿಕೊಳ್ಳುತ್ತಾನೆ. ಫೋಟೋ ತೆಗೆಯಬೇಡಿ, ಅಕ್ಕಪಕ್ಕ ಕೂತವರ ಮುಖ ಹೊರಗೆ ಹೋಗಬಾರದು.

ನಿಮ್ಮಿಬ್ಬರಿಗೆ ಅಲ್-ಅನಾನ್ ಇದೆ, 1951ರಿಂದ ನಡೀತಿರೋ ಮನೆಯವರ ಗುಂಪು. ಮಗ ಬಿಟ್ಟರೂ ಗೇಟಿನ ಸದ್ದಿಗೆ ಬೆಚ್ಚೋದು ನಿಲ್ಲದ ತಾಯಿ ತಂದೆಯರಿಗೆ ಅಲ್ಲಿ ಜೊತೆ ಸಿಗುತ್ತೆ. ಊರಲ್ಲಿ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ನೋಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರದಿಂದ ಬಿಟ್ಟವರಿಗೆ ನವಜೀವನ ಸಮಿತಿಗಳಿವೆ, ಅಂಥವರು ವರ್ಷದ ಸಂತೋಷವನ್ನ ಅಲ್ಲೇ ಹಂಚಿಕೊಳ್ಳಬಹುದು.

---

ಸಾಲಗಾಮೆ_ರಸ್ತೆ:

ನನಗೆ ಯೋಚನೆ ಇರೋದು ದಿನದ ಬಗ್ಗೆ. ಯುಗಾದಿ ಸರಿ, ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಬಾಡೂಟದ ಜೊತೆ ಬಾಟ್ಲಿ ಬರದ ಮನೆ ಹುಡುಕಬೇಕು. ನೆಂಟರು ಉಳಿದುಕೊಳ್ಳೋ ಹಾಗೆ ಪೂಜೆ ಇಟ್ಟರೆ ಮಾರನೇ ದಿನ ಹಿತ್ತಲಲ್ಲೋ ತೋಟದಲ್ಲೋ ಶುರುವಾಗೇ ಆಗುತ್ತೆ. ಒಂದು ವಾರ ಬಿಟ್ಟು ಇಡಿ, ಮಧ್ಯಾಹ್ನದ ಊಟಕ್ಕೆ ಮುಗಿಸಿ. ಭಾವಮೈದುನರಿಗೆ, ಅಣ್ಣತಮ್ಮಂದಿರಿಗೆ ನೀವೇ ಮೊದಲೇ ಫೋನ್ ಮಾಡಿ ‘ನಮ್ಮ ಮನೆಗೆ ಎಣ್ಣೆ ತರಬೇಡಿ’ ಅಂದುಬಿಡಿ, ಕಾರಣ ಹೇಳಬೇಕಿಲ್ಲ. ಬೇರೆ ಕಡೆ ಹೋಗಲೇಬೇಕಾದರೆ: ಹೊಟ್ಟೆ ತುಂಬಿಸಿಕೊಂಡು ಹೋಗೋದು, ಕೈಯಲ್ಲಿ ಸದಾ ಮಜ್ಜಿಗೆ ಲೋಟ, ಜೊತೆಗೆ ಕುಡಿಯದ ಒಬ್ಬರು, ಸ್ವಂತ ಗಾಡಿ, ಊಟ ಆದ ಕೂಡಲೇ ಹೊರಡೋದು. ಆಸೆ ಒತ್ತರಿಸಿ ಬಂದರೂ ಅರ್ಧ ಗಂಟೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತೆ. ಆ ಅರ್ಧ ಗಂಟೆಗೆ ಎಲ್ಲಿ ಹೋಗಬೇಕು, ಯಾರಿಗೆ ಫೋನ್ ಅನ್ನೋದು ಮೊದಲೇ ಗೊತ್ತಿರಲಿ.

ಎಟಿಎಂ ಕಾರ್ಡ್ ಅವರದು, ಅವರಿಗೇ ಸೇರಬೇಕು. ಆದರೆ ಬಹುಮಾನದ ಹಾಗೆ ಎಲ್ಲರೆದುರು ಕೊಡಬೇಡಿ. ಸಂಬಳದ ದಿನ ಕೈಯಲ್ಲಿ ದುಡ್ಡು ಕೂತರೆ ಹಲವರಿಗೆ ಆಸೆ ಏಳುತ್ತೆ. ಮೊದಲು ಮನೆಖರ್ಚು, ಆರ್‌ಡಿ, ಸಾಲದ ಕಂತು ತಾನಾಗೇ ಕಟ್ ಆಗೋ ಹಾಗೆ ಮಾಡಿಸಿ, ಉಳಿದದ್ದರ ಕಾರ್ಡ್ ಕೊಡಿ, ಅದೂ ಅವರು ಹೂಂ ಅಂದ ವೇಗದಲ್ಲಿ. ಬೈಕ್ ಬದಲು ಹಲ್ಲಿನ ಚಿಕಿತ್ಸೆ ಮಾಡಿಸಿಕೊಡಿ ಅಂತ ನನ್ನ ಸಲಹೆ. ವರ್ಷಗಟ್ಟಲೆ ಕುಡಿದವರಿಗೆ ಹಲ್ಲು, ವಸಡು ಕೆಟ್ಟಿರೋದು ಸಾಮಾನ್ಯ, ನಗುವಾಗ ಕೈ ಅಡ್ಡ ಇಡ್ತಾರೆ. ರೂಟ್ ಕೆನಾಲ್, ಕ್ಯಾಪ್ ಮಾಡಿಸಿದರೆ ದಿನಾ ಕನ್ನಡಿಯಲ್ಲಿ ಕಾಣುತ್ತೆ.

---

ಚನ್ನರಾಯಪಟ್ಟಣದ_ಅಪ್ಪ:

ಎಲ್ಲರಿಗೂ ವಂದನೆ. ಆಣೆ, ಬೈಕ್, ವಾಟ್ಸಾಪ್ ಮೂರನ್ನೂ ಬಿಟ್ಟೆ. ಇನ್ನೊಂದೇ ಪ್ರಶ್ನೆ: ಇಷ್ಟೆಲ್ಲ ಆದ ಮೇಲೂ ಒಂದು ದಿನ ಕುಡಿದು ಬಂದರೆ ನಾವು ಏನು ಮಾಡಬೇಕು?

---

ಸಮಾಲೋಚಕಿ_ಹಾಸನ:

ಆ ರಾತ್ರಿ ಬುದ್ಧಿ ಹೇಳಬೇಡಿ, ಅಳಬೇಡಿ. ಎಷ್ಟು ಕುಡಿದರು, ಕೊನೆಯ ಮಾತ್ರೆ ಯಾವಾಗ ಅಂತ ಕೇಳಿ, ಮೇಲೆ ಹೇಳಿದ ಲಕ್ಷಣ ಇದ್ದರೆ ಆಸ್ಪತ್ರೆ. ಕುಡಿದು 12 ಗಂಟೆ ಕಳೆಯದೆ ಡೈಸಲ್ಫಿರಾಂ ಮತ್ತೆ ಕೊಡೋ ಹಾಗಿಲ್ಲ, ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಬೆಳಿಗ್ಗೆ ‘ನೀನು ಮನೆಗೆ ಬಂದದ್ದು ಒಳ್ಳೆದಾಯ್ತು, ಇವತ್ತೇ ಡಾಕ್ಟರ ಹತ್ತಿರ ಹೋಗೋಣ’ ಅನ್ನಿ. ಒಂದು ದಿನ ಜಾರಿದ್ದಕ್ಕೆ ಹಿಂದಿನ ವರ್ಷದಲ್ಲಿ ಕಲಿತದ್ದು ಅಳಿಸಿ ಹೋಗಲ್ಲ, ಅದನ್ನೂ ಅವರಿಗೆ ಹೇಳಿ.

ಮುಚ್ಚಿಟ್ಟು ಹಲವು ದಿನ ಸತತ ಕುಡಿದಿದ್ದರೆ ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ. ಕೊನೆಯ ಲೋಟದಿಂದ 6ರಿಂದ 12 ಗಂಟೆಗೆ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ, ದಿಕ್ಕು ತಪ್ಪೋದು, ಅದು ಜೀವ ತೆಗೆಯುವಂಥದ್ದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚುವ ಮೊದಲು ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಬೇಕು, ‘ತುಂಬಾ ದಿನದಿಂದ ಕುಡಿದಿದ್ದಾನೆ’ ಅಂತ ಬಾಗಿಲಲ್ಲೇ ಹೇಳಿ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಸಿಗುತ್ತೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಹೊತ್ತಲ್ಲದ ಹೊತ್ತಲ್ಲಿ ಮಾತಾಡಲು ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಇದನ್ನೆಲ್ಲ ಈಗಲೇ, ಮಗ ಚೆನ್ನಾಗಿರುವಾಗಲೇ, ಮೂವರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಮೊದಲು ಯಾರಿಗೆ ಫೋನ್, ಯಾವ ಆಸ್ಪತ್ರೆ, ಆ ರಾತ್ರಿ ಅಪ್ಪ ಏನು ಹೇಳಬಾರದು. ಕೊನೆಯದನ್ನ ಮಗನ ಕೈಯಲ್ಲೇ ಬರೆಸಿ.