ಸಹಾಯ ಬೇಕು: ಕೆಡಿಇಎಲ್ ಇದ್ದರೂ ಪ್ರೋಟೀನ್ ಹೊರಗೆ ಹೋಗುತ್ತಿದೆ (ಮೈಸೂರು)

ಮಾನಸಗಂಗೋತ್ರಿ ಸುತ್ತಮುತ್ತ ಸೆಲ್ ಕಲ್ಚರ್ ಮಾಡುವವರಲ್ಲಿ ವಿನಂತಿ. ಹೀಲಾ ಕೋಶಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳು) ಸಿಗ್ನಲ್ ಪೆಪ್ಟೈಡ್-ಜಿಎಫ್‌ಪಿ-ಕೆಡಿಇಎಲ್ ಹಾಕಿದ್ದೇವೆ: ಇಆರ್‌ಗೆ (ಕೋಶದೊಳಗೆ ಪ್ರೋಟೀನ್ ತಯಾರಾಗುವ ಜಾಲ) ಒಯ್ಯುವ ತುದಿ, ಹಸಿರು ಹೊಳೆಯುವ ಪ್ರೋಟೀನ್, ಕೊನೆಯಲ್ಲಿ ಅದನ್ನು ಇಆರ್‌ಗೆ ವಾಪಸ್ ತರಿಸುವ ನಾಲ್ಕು ಅಮೈನೋ ಆಮ್ಲಗಳ ಗುರುತು ಕೆಡಿಇಎಲ್. ಅದು ಇಆರ್‌ನಲ್ಲೇ ಉಳಿಯಬೇಕು, ಆದರೆ 48 ಗಂಟೆಯಲ್ಲಿ ಮೀಡಿಯಂನಲ್ಲೂ ಸಿಗುತ್ತಿದೆ.

ಕೆಡಿಇಎಲ್ ಆದ ತಕ್ಷಣ ಸ್ಟಾಪ್ ಕೋಡಾನ್ ಇದೆ, ಸೀಕ್ವೆನ್ಸ್ ಮಾಡಿ ನೋಡಿದ್ದಾಗಿದೆ. (ಅದರಾಚೆ ಟ್ಯಾಗ್ ಉಳಿದರೆ ಕೆಡಿಇಎಲ್ ಗುರುತಿಸುವ ಗ್ರಾಹಕ ಪ್ರೋಟೀನ್ ಅದನ್ನು ಹಿಡಿಯುವುದೇ ಇಲ್ಲ.) ಕೋಶದೊಳಗೇ ಇರುವ ಟ್ಯೂಬುಲಿನ್ ಮೀಡಿಯಂನಲ್ಲಿ ಇಲ್ಲ, ಅಂದರೆ ಕೋಶ ಒಡೆದು ಸೋರಿದ್ದಲ್ಲ. ಗ್ರಾಹಕ ಗಾಲ್ಜಿಯ (ಇಆರ್‌ನಿಂದ ಪ್ರೋಟೀನ್ ಹೋಗುವ ಮುಂದಿನ ತಾಣ) ಆಮ್ಲೀಯತೆಯಲ್ಲಿ ಹಿಡಿದು ಇಆರ್‌ನ ತಟಸ್ಥ ಪಿಎಚ್‌ನಲ್ಲಿ ಬಿಡುತ್ತದೆ; ಆ ಪಿಎಚ್ ಕೆಡಿಸುವ ಕ್ಲೋರೋಕ್ವಿನ್ ಬಳಸಿಲ್ಲ.

ಉಳಿದ ಅನುಮಾನ ಒಂದೇ: ಸಿಎಂವಿ ಎಂಬ ಪ್ರಬಲ ಪ್ರೊಮೋಟರ್‌ನಿಂದ (ಜೀನ್ ಓದಿಸುವ ಡಿಎನ್‌ಎ ಭಾಗ) ಪ್ರೋಟೀನ್ ವಿಪರೀತವಾಗಿ, ಕಾಪ್-1 ವೆಸಿಕಲ್‌ಗಳಲ್ಲಿ (ಸಾಗಿಸುವ ಪುಟ್ಟ ಚೀಲಗಳು) ವಾಪಸ್ ತರುವ ಗ್ರಾಹಕಗಳು ಸಾಲದಾಗಿವೆ. ಹಾಗಿದ್ದರೆ ಕೆಡಿಇಎಲ್ ಇರುವ ಕೋಶದ ಸ್ವಂತ ಇಆರ್ ಪ್ರೋಟೀನ್ ಬಿಪ್ ಕೂಡ ಹೊರಬರಬೇಕು.

ಅದನ್ನು ನೋಡಲು ಯಾರಾದರೂ ಕೆಡಿಇಎಲ್ ಪ್ರತಿಕಾಯ 5 ಮೈಕ್ರೋಲೀಟರ್ ಕೊಟ್ಟರೆ ಸಾಕು: ಬ್ಲಾಟ್‌ನಲ್ಲಿ ಬಿಪ್ 78 ಕಿಲೋಡಾಲ್ಟನ್ ಬಳಿ, ನಮ್ಮದು 27ರ ಆಸುಪಾಸು. ಸೀರಮ್‌ನ ಆಲ್ಬುಮಿನ್ 66ರಲ್ಲಿ ಕೂತು ಬಿಪ್ ಬ್ಯಾಂಡನ್ನು ಹಾಳುಮಾಡುತ್ತದೆ. ಅದಕ್ಕೇ ಕೊನೆಯ 4 ಗಂಟೆ ಕೋಶಗಳಿಗೆ ಸೀರಮ್ ಇಲ್ಲದ ಮೀಡಿಯಂ ಕೊಡುತ್ತೇವೆ. ದುರ್ಬಲ ಪ್ರೊಮೋಟರ್ ಇರುವ ಪ್ಲಾಸ್ಮಿಡ್ ಯಾರಲ್ಲಾದರೂ ಇದ್ದರೆ ಇನ್ನೂ ಉಪಕಾರ. ಐಸ್ ಬಾಕ್ಸ್ ತಂದು ನಾವೇ ಒಯ್ಯುತ್ತೇವೆ.