ಬಾಯಿಪಾಠದ ಮಾತಲ್ಲದೆ ಬೇರೇನೂ ಬಾರದಿದ್ದಾಗ ಅದನ್ನು ಪ್ರಾರ್ಥನೆ ಎನ್ನಬಹುದೇ?

ರಾತ್ರಿಪಾಳಿ:

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ದಾದಿಯಾಗಿದ್ದೇನೆ. ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ, ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆಯ ಕಾಲದಿಂದ ಕ್ರೈಸ್ತ ಸಭೆಗೆ ಸೇರಿದ ಮನೆತನದಲ್ಲಿ. ರಾತ್ರಿ ಊಟಕ್ಕೆ ಮೊದಲು ನಮ್ಮಲ್ಲಿ ಕುಟುಂಬ ಪ್ರಾರ್ಥನೆ ತಪ್ಪಿದ್ದಿಲ್ಲ. ಒಂದು ಹಾಡು, ಸತ್ಯವೇದದಿಂದ (ಬೈಬಲ್‌ನಿಂದ) ಒಂದು ಅಧ್ಯಾಯ, ಆಮೇಲೆ ಅಪ್ಪನ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಅಪ್ಪ ಪ್ರಾರ್ಥಿಸುವಾಗ ಓಣಿಯ ಕಾಯಿಲೆಯವರು, ಪರೀಕ್ಷೆಗೆ ಕೂತ ಮಕ್ಕಳು, ಬಾರದ ಮಳೆ ಎಲ್ಲವೂ ಒಂದೊಂದಾಗಿ ಬರುತ್ತಿದ್ದವು. ಅನ್ನ ಆರುತ್ತಿದೆಯೆಂದು ನಾವು ಮಕ್ಕಳು ಒಂದೇ ಕಣ್ಣು ತೆರೆದು ನೋಡುತ್ತಿದ್ದೆವು.

ಎರಡು ವರ್ಷಗಳ ಹಿಂದೆ ಅಮ್ಮ ಕಾಯಿಲೆ ಬಿದ್ದಾಗ ಏಳು ತಿಂಗಳು ಪ್ರತಿ ಶುಕ್ರವಾರ ಉಪವಾಸವಿದ್ದು ಪ್ರಾರ್ಥಿಸಿದೆ. ಅಮ್ಮ ಉಳಿಯಲಿಲ್ಲ. ಅಂದಿನಿಂದ ನನ್ನ ಸ್ವಂತ ಮಾತಿನಲ್ಲಿ ಒಂದು ವಾಕ್ಯ ಪ್ರಾರ್ಥಿಸಲೂ ಆಗುತ್ತಿಲ್ಲ. ನಂಬಿಕೆ ಹೋಗಿದೆಯೆಂದು ಹೇಳಲಾರೆ, ಆದರೆ ಬಾಯಿ ಕಟ್ಟಿಹೋಗಿದೆ. ರಾತ್ರಿ ಮೂರು ಗಂಟೆಯ ಹೊತ್ತಿಗೆ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮೊದಲು ಕೈ ತೊಳೆಯುವಾಗ, ನಾನು ಬಯಸದೆಯೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುವಾಗುತ್ತದೆ. ‘ನಿನ್ನ ಚಿತ್ತ ನೆರವೇರಲಿ’ ಎಂಬಲ್ಲಿಗೆ ಬಂದಾಗ ಅನೇಕ ಸಲ ನಿಂತುಬಿಡುತ್ತದೆ. ನಾನು ಹೋಗುತ್ತಿದ್ದ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು, ಬಾಯಿಪಾಠದ ಪ್ರಾರ್ಥನೆ ಸತ್ತ ಪ್ರಾರ್ಥನೆ, ಹೃದಯದಿಂದ ಬಾರದ್ದು ದೇವರಿಗೆ ಮುಟ್ಟುವುದಿಲ್ಲ ಎಂದರು. ನಿಜವಾಗಿಯೂ ಹಾಗೆಯೇ?

ನೇತ್ರಾವತಿ ದಂಡೆ:

ತಂಗಿ, ನಾನು ಮಂಗಳೂರಿನ ಕಥೋಲಿಕ ಮನೆಯವಳು. ನಮ್ಮಲ್ಲಿ ದಿನದ ಪ್ರಾರ್ಥನೆಯ ಬಹುಪಾಲು ಬಾಯಿಪಾಠವೇ. ಸಂಜೆ ದೀಪ ಹಚ್ಚಿ ಮನೆಮಂದಿಯೆಲ್ಲ ಪೀಠದ ಮುಂದೆ ಮೊಣಕಾಲೂರಿ ಮಣಿ ಎಣಿಸುತ್ತ ಹೇಳುವ ಜಪಸರಕ್ಕೆ ಕೊಂಕಣಿಯಲ್ಲಿ ತೇರ್ಸ್ ಎನ್ನುತ್ತೇವೆ. ಪೋರ್ಚುಗೀಸಿನಲ್ಲಿ ಆ ಮಾತಿಗೆ ಮೂರನೆಯ ಒಂದು ಪಾಲು ಎಂಬ ಅರ್ಥವಿದೆ, ಏಕೆಂದರೆ ಹದಿನೈದು ರಹಸ್ಯಗಳ (ಯೇಸು ಮತ್ತು ಮರಿಯಳ ಬಾಳಿನ ಧ್ಯಾನದ ಘಟನೆಗಳ) ಪೂರ್ಣ ಜಪಸರದಲ್ಲಿ ಒಂದು ದಿನಕ್ಕೆ ಐದನ್ನು ಹೇಳುವುದು ರೂಢಿ (2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಆ ಲೆಕ್ಕ ಸರಿಹೊಂದುವುದಿಲ್ಲ, ಆದರೂ ಹೆಸರು ಉಳಿದಿದೆ). ಒಂದೊಂದು ರಹಸ್ಯಕ್ಕೆ ಹತ್ತರಂತೆ, ಐದು ರಹಸ್ಯಗಳೆಂದರೆ ಐವತ್ತು ಸಲ ಮಾತೆ ಮರಿಯಳಿಗೆ ಹೇಳುವ ‘ನಮೋ ಮರಿಯಾ’. ಐವತ್ತರಲ್ಲೂ ಮನಸ್ಸು ನೆಟ್ಟಿತ್ತೆಂದು ನಾನು ಯಾವ ದಿನವೂ ಹೇಳಲಾರೆ.

ಆದರೆ ನನ್ನ ಗಂಡ ತೀರಿಕೊಂಡ ರಾತ್ರಿ ನನಗೆ ಸ್ವಂತ ಮಾತೆಂಬುದು ಒಂದೂ ಇರಲಿಲ್ಲ. ನೆರೆಯ ಹೆಂಗಸರು ಬಂದು ಸುತ್ತ ಕೂತು ತೇರ್ಸ್ ಶುರುಮಾಡಿದರು. ಅರ್ಧವನ್ನು ಅವರು ಹೇಳಿದರೆ ಉಳಿದರ್ಧವನ್ನು ನಾನು ಹೇಳಬೇಕು, ಆ ಪ್ರಾರ್ಥನೆಯ ರಚನೆಯೇ ಹಾಗೆ. ಮೊದಲ ಹತ್ತು ಮಣಿಗಳವರೆಗೆ ನನ್ನ ತುಟಿಯೂ ಅಲುಗಲಿಲ್ಲ, ನನ್ನ ಪಾಲನ್ನೂ ಅವರೇ ಹೇಳಿದರು. ಎರಡನೆಯ ಹತ್ತಕ್ಕೆ ನನ್ನ ದನಿ ಬಂತು. ಅಂದು ಪ್ರಾರ್ಥಿಸಿದವರು ಅವರೋ ನಾನೋ ಎಂದು ಬೇರ್ಪಡಿಸಿ ಹೇಳಲು ನನಗೆ ಇಂದಿಗೂ ಸಾಧ್ಯವಿಲ್ಲ.

ಬೆರೋಯದವನು:

ಆ ಹಿರಿಯರ ಮಾತಿಗೆ ಆಧಾರವೇ ಇಲ್ಲವೆಂದು ಹೇಳಲಾಗದು. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂದು ಎಣಿಸಿ ಹೇಳಿದ್ದನ್ನೇ ಸುಮ್ಮನೆ ಹೇಳುತ್ತಿರಬೇಡಿರೆಂದು ಯೇಸುವೇ ಎಚ್ಚರಿಸಿದ್ದಾನೆ. ನಾನು ಬೆಳೆದ ಸಭೆಯಲ್ಲಿ ಈ ವಚನವನ್ನೇ ಹಿಡಿದು ಬರೆದಿಟ್ಟ ಪ್ರಾರ್ಥನೆಗಳನ್ನೆಲ್ಲ ದೂರ ಇಡುತ್ತಿದ್ದರು, ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಅದೇ ಅಧ್ಯಾಯದಲ್ಲಿ ಎರಡು ವಚನ ಮುಂದಕ್ಕೆ ಹೋದರೆ, ಎಚ್ಚರಿಸಿದವನೇ ಕರ್ತನ ಪ್ರಾರ್ಥನೆಯನ್ನು ಕಲಿಸಿಕೊಡುತ್ತಾನೆ. ಸೆರೆಸಿಕ್ಕುವ ಮೊದಲು ಗೆತ್ಸೇಮನೆ ತೋಟದಲ್ಲಿ ಅವನು ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಇದೇ ಮತ್ತಾಯ ಬರೆದಿದ್ದಾನೆ. ಶಿಲುಬೆಯ ಮೇಲೆ ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದು ಕೂಗಿದ್ದು ಸತ್ಯವೇದದ 22ನೆಯ ಕೀರ್ತನೆಯ ಮೊದಲ ಸಾಲು, ಎಂದರೆ ಉಸಿರು ಕಟ್ಟುವ ಹೊತ್ತಿನಲ್ಲಿ ಅವನ ಬಾಯಿಗೂ ಬಂದದ್ದು ತನ್ನ ಜನರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಆದ್ದರಿಂದ ಯೇಸು ತಡೆದದ್ದು ಮಾತಿನ ರಾಶಿಯಿಂದ ದೇವರನ್ನು ಒಲಿಸಿಕೊಳ್ಳಬಹುದೆಂಬ ಎಣಿಕೆಯನ್ನು, ಕಲಿತ ಮಾತನ್ನಲ್ಲ ಎಂದು ನಾನು ಈಗ ಓದುತ್ತೇನೆ.

ನೀವು ‘ನಿನ್ನ ಚಿತ್ತ’ ಎಂಬಲ್ಲಿ ನಿಲ್ಲುವುದನ್ನು ಕುರಿತು ಒಂದು ಮಾತು. ದಯವಿಟ್ಟು ಅದನ್ನು ಬಲವಂತವಾಗಿ ದಾಟಬೇಡಿ. 88ನೆಯ ಕೀರ್ತನೆಯನ್ನು ಒಮ್ಮೆ ಪೂರ್ತಿ ಓದಿ. ದುಃಖದ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಹೇಗಾದರೂ ಸ್ತುತಿಯ ಕಡೆಗೆ ತಿರುಗುತ್ತವೆ, ಇದು ಮೊರೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ.

ಹಳೆಯ ಉಪದೇಶಿ:

ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೇತ್ರನಿಗಾಗಿ ಪ್ರಾರ್ಥನೆಯ ಬಗ್ಗೆ ಒಂದು ಕಿರುಹೊತ್ತಗೆ ಬರೆದ. ಮನಸ್ಸು ತಣ್ಣಗಾಗಿ ಪ್ರಾರ್ಥನೆ ಬೇಡವೆನಿಸಿದಾಗ ತಾನು ಒಳಕೋಣೆಗೋ ದೇವಾಲಯಕ್ಕೋ ಹೋಗಿ ಹತ್ತು ಆಜ್ಞೆಗಳನ್ನು, ವಿಶ್ವಾಸ ಪ್ರಮಾಣವನ್ನು, ಕೀರ್ತನೆಗಳನ್ನು ಮಕ್ಕಳ ಹಾಗೆ ಒಂದೊಂದೇ ಪದವಾಗಿ ಹೇಳಿಕೊಳ್ಳುತ್ತೇನೆಂದು ಅದರಲ್ಲಿ ಹೇಳಿದ್ದಾನೆ. ಪ್ರಾರ್ಥನೆಗೆ ಅಷ್ಟು ಹೆಸರಾದವನೂ ಬಾಯಿಪಾಠದಿಂದಲೇ ಬೆಂಕಿ ಹೊತ್ತಿಸಿಕೊಳ್ಳುತ್ತಿದ್ದ. ಕರ್ತನ ಪ್ರಾರ್ಥನೆಯ ಒಂದೇ ಬೇಡಿಕೆಯಲ್ಲಿ ಮನಸ್ಸು ನಿಂತರೆ ಉಳಿದವನ್ನು ಬಿಟ್ಟು ಅಲ್ಲಿಯೇ ಇರು ಎಂದೂ ಪೇತ್ರನಿಗೆ ಹೇಳುತ್ತಾನೆ. ಕತ್ತಿಯ ಮೇಲೆ ಕಣ್ಣಿಡದ ಕ್ಷೌರಿಕ ಮೂಗನ್ನೋ ಗಂಟಲನ್ನೋ ಕೊಯ್ದಾನು, ಪ್ರಾರ್ಥನೆಗೂ ಅಂಥದೇ ಗಮನ ಬೇಕು ಎಂಬುದು ಅವನು ಕೊಡುವ ಹೋಲಿಕೆ. ರೋಗಿಯ ಹಾಸಿಗೆಯ ಬಳಿ ನಿಮ್ಮ ಗಮನವೆಲ್ಲ ರೋಗಿಯ ಮೇಲಿರಲಿ, ಕೈ ತೊಳೆಯುವ ಆ ಅರೆನಿಮಿಷ ಸಾಕು.

ಅದಿರಲಿ, ನಿಮ್ಮ ಬರಹ ಓದಿದಾಗಿನಿಂದ ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ನಿಮ್ಮ ತಂದೆಯವರು ಈಗ ಯಾರೊಂದಿಗೆ ಪ್ರಾರ್ಥಿಸುತ್ತಾರೆ?

ರಾತ್ರಿಪಾಳಿ:

ಎಲ್ಲರಿಗೂ ವಂದನೆಗಳು. ಉಪದೇಶಿಗಳೇ, ನಿಮ್ಮ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಎರಡು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನಿನ್ನೆ ಪಾಳಿಗೆ ಹೊರಡುವ ಮೊದಲು ಅಪ್ಪನಿಗೆ ಫೋನ್ ಮಾಡಿದೆ. ಒಬ್ಬರೇ ಕೂತು ಅಧ್ಯಾಯ ಓದುತ್ತಾರಂತೆ, ಹಾಡನ್ನು ಮಾತ್ರ ಬಿಟ್ಟಿದ್ದಾರಂತೆ, ಅದನ್ನು ಎತ್ತಿಕೊಡುತ್ತಿದ್ದವಳು ಅಮ್ಮ. ನನಗೆ ಪ್ರಾರ್ಥಿಸಲು ಆಗುತ್ತಿಲ್ಲವೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಮೊದಲಿನ ಹಾಗೆ ಹೆಸರುಗಳು ನೆನಪಿಗೆ ಬರುವುದಿಲ್ಲ’ ಎಂದರು. ಆಮೇಲೆ ಇಬ್ಬರೂ ಸೇರಿ ಕರ್ತನ ಪ್ರಾರ್ಥನೆ ಹೇಳಿದೆವು. ನಾನು ನಿಲ್ಲುವ ಜಾಗದಲ್ಲಿ ನಿಂತೆ, ಅಪ್ಪ ಮುಂದುವರಿಸಿದರು, ‘ಅನುದಿನದ ಆಹಾರ’ ಎಂಬಲ್ಲಿ ನಾನು ಮತ್ತೆ ಸೇರಿಕೊಂಡೆ. ಇಂದೂ ಏಳು ಗಂಟೆಗೆ ಫೋನ್ ಮಾಡುವುದೆಂದು ಮಾತಾಗಿದೆ.